ಕಜಿಪಿಲ್ಲದ ಊಟ

ಐವತ್ತೆರಡು ವರ್ಷದ, ಕನ್ನಡಕ ಹಾಕುವ, ಊರಿನಲ್ಲಿ ನಾಲ್ಕು ಜನ ಎದ್ದು ನಿಂತು ಮಾತನಾಡಿಸುವ ಮನುಷ್ಯನೊಬ್ಬ ಸಂಜೆ ಹೊತ್ತಿಗೆ ತನ್ನದೇ ಹಿತ್ತಿಲಿನ ಬಾಳೆಗಿಡದ ಹಿಂದೆ ಅಡಗಿ ಕೂರುವುದು ಶೋಭೆಯಲ್ಲ. ನಾನು ಕೂತಿದ್ದೇನೆ. ಒಂದಲ್ಲ, ಮೂರು ಸಂಜೆ. ಪೊಲೀಸರಿಗೆ ಹೆದರಿ ಅಲ್ಲ. ಪಕ್ಕದ ಮನೆಯ ಐಸಮ್ಮನವರ ಒಂದು ಪ್ರಶ್ನೆಗೆ ಹೆದರಿ.

ಪ್ರಶ್ನೆ ಇಷ್ಟೆ: “ಇನಿ ದಾದ ಕಜಿಪು?”

ತುಳು ಬಾರದವರಿಗೆ ಹೇಳುತ್ತೇನೆ: ‘ಇವತ್ತು ಏನು ಕಜಿಪು?’ ಎಂದು ಅದರ ಅರ್ಥ. ಕಜಿಪು ಅಂದರೆ ಅನ್ನಕ್ಕೆ ಕಲಸಿಕೊಳ್ಳಲು ತೆಂಗಿನಕಾಯಿ ಅರೆದು ಮಾಡಿದ ಪದಾರ್ಥ. ನಮ್ಮ ಪುಂಜಾಲಕಟ್ಟೆಯಲ್ಲಿ ಇದನ್ನು ನಮಸ್ಕಾರದ ಬದಲಿಗೆ ಕೇಳುತ್ತಾರೆ. ಬಸ್ಸಿನಲ್ಲಿ ಕೇಳುತ್ತಾರೆ, ಮದುವೆಯ ಚಪ್ಪರದಲ್ಲಿ ಕೇಳುತ್ತಾರೆ, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಸಾಲಿನಲ್ಲಿ ನಿಂತೂ ಕೇಳುತ್ತಾರೆ. ಉತ್ತರ ಬಸಳೆ ಇರಬಹುದು, ಬಂಗುಡೆ ಇರಬಹುದು, ನಿನ್ನೆಯ ಸೌತೆಕಾಯಿಯೇ ಇರಬಹುದು. ‘ಇಲ್ಲ’ ಎಂದು ಮಾತ್ರ ಇರಬಾರದು. ಕಜಿಪು ಇಲ್ಲ ಎಂದರೆ ಆ ಮನೆಯಲ್ಲಿ ಜ್ವರವೋ ಜಗಳವೋ ನಡೆದಿದೆ ಎಂದು ಅರ್ಥ. ವಿಚಾರಿಸಿಕೊಳ್ಳಲು ಜನ ಬರುತ್ತಾರೆ. ಐಸಮ್ಮನವರಂತೂ ನಾವು ತಿರುಗಿ ಕೇಳಿದರೆ ಒಂದು ದಿನವೂ ತಡವರಿಸಿದವರಲ್ಲ. “ಅಂಜಲ್ ಗಸಿ,” “ಸಿಗಡಿ ಸುಕ್ಕ.” ಗೋಡೆಯಾಚೆಯಿಂದ ಬರುವ ಆ ಮೀನು-ಸಿಗಡಿಯ ಹೆಸರು ಕೇಳಿಯೇ ನಮ್ಮ ಬಾಯಲ್ಲಿ ನೀರು.

ನಾನು ಅಡಗುವ ಸ್ಥಿತಿಗೆ ಬಂದದ್ದು ಹೇಗೆಂದು ಹೇಳಬೇಕು. ನನ್ನ ಕಸುಬು ದಸ್ತಾವೇಜು ಬರೆಯುವುದು. ಬಿ.ಸಿ.ರೋಡಿನಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಜನರ ಜಾಗಗಳಿಗೆ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆಯುತ್ತ ಮೂವತ್ತು ವರ್ಷ. ಈ ಕಸುಬು ಮನುಷ್ಯನ ಸ್ವಭಾವವನ್ನು ಕೆಡಿಸುತ್ತದೆ. ಒಂದು ಸಾಲು ತಪ್ಪಿದರೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟು ಹತ್ತುತ್ತಾರೆ ಎಂಬ ಹೆದರಿಕೆಯಲ್ಲಿ ಹಗಲು ಕಳೆದವನು ಮನೆಗೆ ಬಂದು ಗ್ಯಾಸಿನ ರೆಗ್ಯುಲೇಟರನ್ನು ಮೂರು ಸಲ ಮುಟ್ಟಿ ನೋಡದೆ ಮಲಗಲಾರ. ಮುಟ್ಟಿದ್ದು ಎರಡು ಸಲವೋ ಮೂರು ಸಲವೋ ಎಂಬ ಸಂಶಯಕ್ಕೆ ಮತ್ತೆ ಏಳುತ್ತೇನೆ.

ಹೆಂಡತಿ ಸುಮತಿ ಶಾಲೆಯ ಟೀಚರು. ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಶಾಲೆಯಲ್ಲಿ ಇಪ್ಪತ್ತು ವರ್ಷ ಕಳೆದಳು. ಹೋದ ಮಳೆಗಾಲದಲ್ಲಿ ಅವಳಿಗೆ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂತು, ನಾರಾವಿ ಕಡೆಯ ಒಂದು ಶಾಲೆಗೆ. ಎರಡು ಬಸ್ಸು ಬದಲಿಸಬೇಕು, ಮನೆ ಮುಟ್ಟುವಾಗ ಏಳೂಕಾಲು. ಆದೇಶ ಕೈಗೆ ಬಂದ ಮರುದಿನ ಅವಳು ಹೇಳಿದಳು: “ಬಡ್ತಿ ಬೇಡ ಅಂತ ಒಂದು ಪತ್ರ ಬರೆದು ಕೊಡಿ ಮಾರಾಯ್ರೆ. ನಿಮ್ಮ ಭಾಷೆ ಒಳ್ಳೇದುಂಟಲ್ಲ.”

ಹೊಗಳಿದರೆ ನಾನು ಏನನ್ನೂ ಬರೆದು ಕೊಡುತ್ತೇನೆ. ಬರೆದೆ. ‘ಕೌಟುಂಬಿಕ ಕಾರಣಗಳಿಂದ’ ಎಂಬಲ್ಲಿಗೆ ಬಂದಾಗ ಅಭ್ಯಾಸಬಲದಿಂದ ಕೈ ನಿಂತಿತು. ದಸ್ತಾವೇಜಿನಲ್ಲಿ ಕಾರಣ ಸ್ಪಷ್ಟವಿರಬೇಕು. ಮಗಳು ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದಾಳೆ, ನಾನು ಗಟ್ಟಿಮುಟ್ಟಾಗಿದ್ದೇನೆ, ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೆ ಕಾಯಿಲೆ ಇಲ್ಲ. “ಯಾವ ಕಾರಣ?” ಎಂದು ಕೇಳಿದೆ.

“ಅತ್ತೆಗೆ ರಾತ್ರಿಗೆ ಕಜಿಪು ಮಾಡುವುದು ಯಾರು?” ಎಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವಾ?” ಎಂದು ನಕ್ಕಳು.

ಅವಳ ನಗುವಿನಲ್ಲಿ ವಿಷ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು. ಪತ್ರ ಮುದ್ರಿಸಿ, ಸಹಿ ಹಾಕಿಸಿ, ಲಕೋಟೆಯಲ್ಲಿಟ್ಟು ಅವಳ ಚೀಲಕ್ಕೆ ಹಾಕಲು ಹೋದಾಗ ಅಲ್ಲಿ ಒಂದು ಚೀಟಿ ಸಿಕ್ಕಿತು. ನಾರಾವಿ ಬಸ್ಸುಗಳ ಸಮಯ, ಅವಳ ಅಕ್ಷರದಲ್ಲಿ. ಬೇಡ ಎನ್ನುವವಳು ಬಸ್ಸಿನ ಸಮಯ ಬರೆದಿಟ್ಟುಕೊಳ್ಳುವುದಿಲ್ಲ. ಹೋಗುವ ಬಸ್ಸುಗಳ ಜೊತೆಗೆ ಬರುವ ಬಸ್ಸುಗಳದ್ದನ್ನಂತೂ ಬರೆದಿಟ್ಟುಕೊಳ್ಳುವುದಿಲ್ಲ. ಅಂದರೆ ಇಪ್ಪತ್ತು ವರ್ಷ ಕಾದು ಸಿಕ್ಕಿದ ಒಂದು ಕುರ್ಚಿಗೂ ನನ್ನ ಹೆಂಡತಿಗೂ ನಡುವೆ ಅಡ್ಡ ಕೂತಿರುವುದು ಒಂದು ಪಾತ್ರೆ ಸೌತೆಕಾಯಿ ಕಜಿಪು.

ಪತ್ರ ಕೊಡಲು ಶನಿವಾರದವರೆಗೆ ಸಮಯ ಇತ್ತು. ಸೋಮವಾರದಿಂದ ಶುಕ್ರವಾರದವರೆಗೆ ರಾತ್ರಿಯೂಟ ನನ್ನದು ಎಂದು ಘೋಷಿಸಿದೆ. ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ನಾನು ಏನನ್ನೂ ಹೇಳಿದವನಲ್ಲ. ಹೇಳಿದ ಮೇಲೆ ನೀರು ಕುಡಿದೆ. ಸುಮತಿ, “ಆಯ್ತು, ನೋಡುವ,” ಎಂದಳು. ಪರೀಕ್ಷೆ ಪಕ್ಕಾ ಇರಲಿ ಎಂದು ಶಾಲೆ ಬಿಟ್ಟ ಮೇಲೂ ಜಂಕ್ಷನ್ನಿನಲ್ಲಿದ್ದ ಗೆಳತಿಯ ಮನೆಯಲ್ಲಿ ಕೂತು, ನಾರಾವಿಯಿಂದಲೇ ಬಂದವಳ ಹಾಗೆ ಸರಿಯಾಗಿ ಏಳೂಕಾಲಕ್ಕೆ ಅಂಗಳಕ್ಕೆ ಕಾಲಿಡುತ್ತಿದ್ದಳು. ಟೀಚರುಗಳು ನಾಟಕವನ್ನೂ ಪಠ್ಯದ ಪ್ರಕಾರವೇ ಮಾಡುತ್ತಾರೆ.

ಸೋಮವಾರದ ಅಡುಗೆಗೆ ನಾನು ಕಾಗದದ ಮೇಲೆ ಚಕ್ಕುಬಂದಿ ಬರೆದುಕೊಂಡಿದ್ದೆ: ಒಲೆಯ ಪೂರ್ವಕ್ಕೆ ಉಪ್ಪಿನ ಡಬ್ಬಿ, ಪಶ್ಚಿಮಕ್ಕೆ ಹುಳಿ, ಉತ್ತರಕ್ಕೆ ಅರೆದ ಮಸಾಲೆ, ದಕ್ಷಿಣಕ್ಕೆ ನಾನು. ಗಡಿಗಳೆಲ್ಲ ಸರಿಯಾಗಿಯೇ ಇದ್ದವು. ಉಪ್ಪು ಹಾಕಿದೆನೋ ಇಲ್ಲವೋ ಎಂಬ ಸಂಶಯ ಮಾತ್ರ ರೆಗ್ಯುಲೇಟರಿನ ಹಾಗೆ ಮೂರು ಸಲ ಬಂತು. ಅಮ್ಮ ಒಂದು ತುತ್ತು ಬಾಯಿಗಿಟ್ಟು ಹೇಳಿದರು: “ಸಮುದ್ರ ಮಂಗಳೂರಲ್ಲಿ ಅಂತ ಎಣಿಸಿದ್ದೆ ಮಗಾ.” ಅಮ್ಮ ಅಡುಗೆಮನೆಯ ಅಧಿಕಾರವನ್ನು ಬಿಟ್ಟು ಹತ್ತು ವರ್ಷವಾಯಿತು, ಅಭಿಪ್ರಾಯವನ್ನು ಬಿಟ್ಟಿಲ್ಲ. ಮರುದಿನ ಹೆದರಿ ಕುಕ್ಕರಿನಲ್ಲಿ ಅಕ್ಕಿ, ಹೆಸರುಬೇಳೆ ಒಟ್ಟಿಗೆ ಬೇಯಿಸಿದೆ. “ಯಾರಿಗೆ ಜ್ವರ?” ಎಂದರು. ಎರಡೂ ಸಂಜೆ ಐಸಮ್ಮನವರ ದನಿ ಕೇಳಿದಾಗ ನಾನು ಬಾಳೆಗಿಡದ ಹಿಂದೆ.

ಬುಧವಾರ ನಾನು ತಪ್ಪು ದಾರಿ ಹಿಡಿದೆ. ಬಿ.ಸಿ.ರೋಡಿನ ಹೋಟೆಲಿನಿಂದ ಕೋಳಿ ಗಸಿ ತಂದು ನಮ್ಮದೇ ಪಾತ್ರೆಗೆ ಸುರಿದೆ. ಅಂದು ಧೈರ್ಯವಾಗಿ ಹಿತ್ತಿಲಿಗೆ ಹೋಗಿ, ಐಸಮ್ಮನವರು ಕೇಳುವ ಮೊದಲೇ “ಕೋಳಿ ಗಸಿ!” ಎಂದೆ. ಗೋಡೆಯಾಚೆಯಿಂದ, “ಮಿಕ್ಸಿಯ ಶಬ್ದವೇ ಕೇಳಲಿಲ್ಲ ಅಲ್ಲ ಮಾರಾಯ್ರೆ,” ಎಂಬ ದನಿ. ಸುಳ್ಳು ದಸ್ತಾವೇಜು ಬರೆದವನ ಹಾಗೆ ಕಿವಿ ಬಿಸಿಯಾಯಿತು. ಒಳಗೆ ಅಮ್ಮ ತಟ್ಟೆಯನ್ನು ಮೂಸಿ, “ಇದು ಯಾರ ಮನೆಯದ್ದು?” ಎಂದರು. ಗುರುವಾರ ಸಂಜೆ ನಾನು ಮತ್ತೆ ಬಾಳೆಗಿಡದ ಹಿಂದೆ. ಅಂದು ರಾತ್ರಿ ಚೀಲದಲ್ಲಿ ಲಕೋಟೆ ಇದೆಯೇ ಎಂದು ಸುಮತಿ ತೆಗೆದು ನೋಡಿದ್ದನ್ನು ನಾನು ಕಂಡೆ. ನೋಡಿ ಹಾಗೆಯೇ ಒಳಗಿಟ್ಟಳು. ಅಂದು ನನಗೆ ನಿದ್ದೆ ಬರಲಿಲ್ಲ. ರೆಗ್ಯುಲೇಟರ್ ನೆನಪಾಗಲೇ ಇಲ್ಲ.

ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ ಉಂಟು. ವರ್ಷಗಳಿಂದ ನಾನು ಮನೆಗೆ ಹೊರಡುವ ಮೊದಲು ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಬಳಿ ಒಂದು ಸುಟ್ಟ ಜೋಳ ತಿನ್ನುತ್ತೇನೆ. ಗುಟ್ಟಾಗಿ. ಕೆಂಡದ ಮೇಲೆ ತಿರುಗಿ ತಿರುಗಿ ಅಲ್ಲಲ್ಲಿ ಕಪ್ಪಾದ ತೆನೆಗೆ ಅರ್ಧ ಲಿಂಬೆಯನ್ನು ಉಪ್ಪು-ಮೆಣಸಿನ ಪುಡಿಯಲ್ಲಿ ಅದ್ದಿ ಉಜ್ಜಿ ಕೊಡುತ್ತಾರೆ. ಹೊಗೆ, ಹುಳಿ, ಖಾರ, ಹಲ್ಲಿನಡಿ ಸಿಡಿಯುವ ಸಿಹಿ. ಐದು ನಿಮಿಷ ಯಾರ ಗಡಿಯೂ ನೆನಪಾಗುವುದಿಲ್ಲ. ಆಮೇಲೆ ಬಾಯಿ ಒರೆಸಿಕೊಂಡು ಮನೆಗೆ ಬಂದು, ಏನೂ ತಿನ್ನದವನ ಮುಖ ಮಾಡಿ ಅನ್ನ ಉಂಡು, ರಾತ್ರಿ ಹೊಟ್ಟೆ ಹಿಡಿದುಕೊಳ್ಳುತ್ತೇನೆ. ಊಟ ಎಂದು ನಾನು ಕರೆಯುತ್ತಿದ್ದುದು ಎರಡನೆಯದನ್ನು.

ಶುಕ್ರವಾರ ಜೋಳದ ಗಾಡಿಯ ಹೆಂಗಸು ನನ್ನ ಮುಖ ನೋಡಿ, “ಎಂತ ಅಣ್ಣ, ಯಾರಾದ್ರೂ ಹೋದ್ರಾ?” ಎಂದು ಕೇಳಿದರು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

“ಹಾಗಾದ್ರೆ ನಾಲ್ಕು ಜೋಳ ಕೊಂಡುಹೋಗಿ ಸುಡಿ,” ಎಂದರು.

“ಅದು ಊಟವಾ?”

“ಮತ್ತೆ ನಾವು ರಾತ್ರಿ ಎಂತ ತಿನ್ನುವುದು ಅಂತ ಎಣಿಸಿದ್ರಿ? ಮಾರಿ ಉಳಿದದ್ದೇ. ಮಕ್ಕಳಿಗೆ ಒಂದು ಲೋಟ ಮಜ್ಜಿಗೆ ಜಾಸ್ತಿ.” ಗಾಳಿ ಹಾಕುತ್ತಲೇ ಸೇರಿಸಿದರು: “ಉರಿಯಲ್ಲಿ ಹಿಡಿಯಬೇಡಿ ಮತ್ತೆ. ಕೆಂಡ ಆಗುವವರೆಗೆ ಕಾಯಿರಿ.”

ಆರು ಕೊಂಡೆ. ಎರಡು ಮುನ್ನೆಚ್ಚರಿಕೆಗೆ. ಬಸ್ಸಿನಲ್ಲಿ ಕೂತು ಅಮ್ಮನೆದುರು ಮಂಡಿಸಬೇಕಾದ ವಾದವನ್ನು ಸಿದ್ಧ ಮಾಡಿದೆ. ಜೋಳ ನಮ್ಮದಲ್ಲ ಎಂದು ಅವರು ಹೇಳಬಹುದು. ನಾವು ಜೋಳ ಎನ್ನುವ ಈ ಮೆಕ್ಕೆಜೋಳದ ತೆನೆ ಕಡಲಾಚೆಯಿಂದ ಬಂದದ್ದು ನಿಜ. ಆದರೆ ನಮ್ಮ ಕಜಿಪಿಗೆ ಬಣ್ಣ ಕೊಡುವ ಒಣಮೆಣಸೂ ಅದೇ ಕಡಲು ದಾಟಿ ಬಂದದ್ದು. ಒಂದೇ ಊರಿಂದ ಬಂದ ಇಬ್ಬರು ನೆಂಟರಲ್ಲಿ ಒಬ್ಬನನ್ನು ಅಡುಗೆಮನೆಯ ಯಜಮಾನನಾಗಿ ಮಾಡಿ, ಇನ್ನೊಬ್ಬನನ್ನು ಬಸ್‌ಸ್ಟ್ಯಾಂಡಿನಲ್ಲೇ ನಿಲ್ಲಿಸಿದ್ದು ಯಾವ ನ್ಯಾಯ? ವಾದ ಬಹಳ ಚೆನ್ನಾಗಿತ್ತು. ಹೇಳುವ ಸಂದರ್ಭವೇ ಬರಲಿಲ್ಲ.

ಮನೆಗೆ ಬಂದರೆ ಕರೆಂಟು ಇಲ್ಲ. ಕರೆಂಟು ಇಲ್ಲದಿದ್ದರೆ ಮಿಕ್ಸಿ ಇಲ್ಲ, ಮಿಕ್ಸಿ ಇಲ್ಲದಿದ್ದರೆ ಮಸಾಲೆ ಇಲ್ಲ. ಬೆಳಿಗ್ಗೆಯೇ ಹೆಚ್ಚಿಟ್ಟ ಬಸಳೆ ನನ್ನನ್ನೇ ನೋಡುತ್ತಿತ್ತು. ಅರೆಯುವ ಕಲ್ಲು ಉಂಟು. ಅದರ ಮೇಲೆ ತುಳಸಿಯ ಕುಂಡ ಕೂತು ಎಷ್ಟೋ ವರ್ಷವಾಗಿದೆ. ಬೇರೆ ದಿನವಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದೆ. ಅಂದು ಯಾಕೋ ಹಲ್ಲು ಕಚ್ಚಿ ಹಿತ್ತಿಲಿಗೆ ಹೋದೆ. ಮೂರು ಕಲ್ಲಿಟ್ಟು, ತೆಂಗಿನ ಗೆರಟೆ ಒಟ್ಟಿ ಬೆಂಕಿ ಹಾಕಿದೆ. ಅಡಿಕೆ ಹಾಳೆಯ ಬೀಸಣಿಗೆ ಸಿಗದೆ ಬುತ್ತಿಯ ಮುಚ್ಚಳದಿಂದ ಗಾಳಿ ಹಾಕಿದೆ. ಕಾಯಲಾರದೆ ಉರಿಯಲ್ಲೇ ಹಿಡಿದ ಮೊದಲ ತೆನೆ ಇದ್ದಿಲಾಯಿತು. ಎರಡನೆಯದಕ್ಕೆ ಕಾದೆ. ಕೆಂಡ ಬೂದಿಯ ತೆಳು ಹೊದಿಕೆ ಹೊದ್ದ ಮೇಲೆ ಇಟ್ಟೆ. ಕಾಳು ಒಂದೊಂದಾಗಿ ಚಟಚಟ ಎಂದಿತು.

ಹೊಗೆ ನೋಡಿ ಅಮ್ಮ ಸ್ಟೂಲು ಎಳೆದುಕೊಂಡು ಬಂದರು. “ಮನೆ ಒಂದು ಬಾಕಿ ಇತ್ತು. ಅದನ್ನೂ ಸುಡ್ತೀಯಾ?”

ಅವರಿಗೆ ಕಡಿಯಲು ಕಷ್ಟವಾದೀತೆಂದು ಚೂರಿಯಿಂದ ಕಾಳು ಬಿಡಿಸಿ ಲೋಟಕ್ಕೆ ಹಾಕಿ ಕೊಟ್ಟೆ. ಅಮ್ಮ ಲೋಟವನ್ನು ಪಕ್ಕಕ್ಕಿಟ್ಟರು. “ನನ್ನ ಹಲ್ಲು ನನ್ನದೇ. ಇಡೀದು ಕೊಡು.”

ಕೊಟ್ಟೆ. ಅವರು ಅರ್ಧ ಮುಗಿಸುವಷ್ಟರಲ್ಲಿ ಗೋಡೆಯಾಚೆಯಿಂದ ಐಸಮ್ಮ ಅಮ್ಮನನ್ನು ಕರೆದರು: “ಕಮಲಕ್ಕ, ಇನಿ ದಾದ ಕಜಿಪು?”

ನನ್ನ ಕಾಲು ತಾನಾಗಿಯೇ ಬಾಳೆಗಿಡದ ಕಡೆ ತಿರುಗಿತು. ಅಷ್ಟರಲ್ಲಿ ಆ ಬಸ್ಸಿನ ಚೀಟಿ ನೆನಪಾಯಿತು. ಹೋಗುವುದು, ಬರುವುದು. ನಿಂತೆ. ಗಂಟಲು ಸರಿ ಮಾಡಿಕೊಂಡು ಹೇಳಿದೆ: “ಕಜಿಪು ಇಲ್ಲ!”

ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ. ಅಮ್ಮ ನನ್ನನ್ನೇ ದಿಟ್ಟಿಸಿದರು. ಆಮೇಲೆ ಗೋಡೆಯ ಕಡೆ ಮುಖ ಮಾಡಿ, “ಜೋಳ ಐಸಮ್ಮ. ಮಗ ಸುಟ್ಟದ್ದು. ಹಲ್ಲು ಗಟ್ಟಿ ಇದ್ರೆ ಬಾ,” ಎಂದರು.

ಗೋಡೆಯಾಚೆ ಚಪ್ಪಲಿಯ ಸದ್ದು, ಗೇಟಿನ ಸದ್ದು. ಐಸಮ್ಮ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ತೆನೆ ಕೈಗೆ ತೆಗೆದುಕೊಂಡು, ದನಿ ತಗ್ಗಿಸಿದರು. “ನಮ್ಮಲ್ಲೂ ಇಲ್ಲ ಕಮಲಕ್ಕ. ಸೊಸೆ ಕ್ಲಿನಿಕ್ಕಿನಿಂದ ಬರುವಾಗ ಹೊತ್ತಾಗ್ತದೆ, ನನಗೆ ಕೈಲಾಗುವುದಿಲ್ಲ. ರಾತ್ರಿಗೆ ಬನ್ನು, ಚಾ. ಎರಡು ವರ್ಷ ಆಯ್ತು.”

“ಮತ್ತೆ ಅಂಜಲ್ ಗಸಿ ಅಂತ ದಿನಾ ಹೇಳಿದ್ದು?” ಎಂದು ಅಮ್ಮ ಕೇಳಿದರು.

“ನೀವು ಕೇಳಿದ್ರಿ, ನಾನು ಹೇಳಿದೆ.”

ಅಮ್ಮ ಎಷ್ಟು ನಕ್ಕರೆಂದರೆ ಕಾಳು ಗಂಟಲಿಗೆ ಸಿಕ್ಕೀತೆಂದು ನಾನು ನೀರು ತರಲು ಎದ್ದೆ. ಎರಡು ವರ್ಷದಿಂದ ನಮ್ಮ ಬಾಯಲ್ಲಿ ನೀರು ಬರಿಸಿದ ಮೀನು ಯಾವ ಸಮುದ್ರದಲ್ಲೂ ಇರಲಿಲ್ಲ.

ಏಳೂಕಾಲಕ್ಕೆ ಸುಮತಿ ಬಂದಳು. ಇಬ್ಬರು ಹೆಂಗಸರು ತೆನೆ ಕಡಿಯುತ್ತಿರುವುದನ್ನು, ನನ್ನ ಮಸಿ ಹಿಡಿದ ಮುಖವನ್ನು ನೋಡಿ ಮೆಟ್ಟಿಲಿನ ಮೇಲೆ ಕೂತಳು. ಅವಳಿಗೊಂದು ಕೊಟ್ಟೆ. ತಿಂದಳು. ತಿಂದು, “ಅತ್ತೆ, ನಿಮಗೆ ಒಂದು ಮುಷ್ಟಿ ಅನ್ನ ಇಡ್ಲಾ? ಸ್ವಲ್ಪ ಬಸಳೆ ಮಾಡ್ತೇನೆ,” ಎಂದು ಏಳಹೊರಟಳು.

“ಕೂತುಕೋ,” ಎಂದರು ಅಮ್ಮ. “ಮಧ್ಯಾಹ್ನದ ಗಂಜಿ ಉಂಟು, ಉಪ್ಪಿನಕಾಯಿ ಉಂಟು. ರಾತ್ರಿಗೆ ನನಗೆ ಕಜಿಪು ಬೇಕು ಅಂತ ಹೇಳಿದವರು ಯಾರು?”

ಸುಮತಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಯಾರು ಹೇಳಿದ್ದು? ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಊರಿಗೆಲ್ಲ ಏನು ಕಜಿಪು ಎಂದು ಕೇಳಿದ ನಾವು, ಕಜಿಪು ಬೇಕೇ ಎಂದು ಮನೆಯೊಳಗೆ ಕೇಳಿರಲಿಲ್ಲ.

ಆರನೆಯ ತೆನೆ ಇಟ್ಟಾಗ ಕೆಂಡ ಮಂಕಾಗಿತ್ತು. ಬುತ್ತಿಯ ಮುಚ್ಚಳ ಕಾದು ಮುಟ್ಟಲಾಗುತ್ತಿರಲಿಲ್ಲ. ಸುಮತಿ ಮಡಿಲಲ್ಲಿದ್ದ ಚೀಲ ತೆರೆದಳು. ಲಕೋಟೆ ತೆಗೆದಳು, ಒಳಗಿನ ಪತ್ರದ ಸಮೇತ ಅದನ್ನು ಉದ್ದಕ್ಕೆ ಮಡಚಿದಳು, ಕೆಳಗೆ ಬಗ್ಗಿ ಗಾಳಿ ಹಾಕತೊಡಗಿದಳು. ಕಿಡಿಯೊಂದು ಹಾರಿ ಅದರ ಮೂಲೆ ಕಪ್ಪಾಯಿತು.

“ಅಯ್ಯೋ, ಅದಕ್ಕೆ ನಕಲು ಇಟ್ಟುಕೊಂಡಿಲ್ಲ ನಾನು,” ಎಂದೆ. ಮೂವತ್ತು ವರ್ಷದ ಅಭ್ಯಾಸ ಬಿಡುತ್ತದೆಯೇ?

“ಗೊತ್ತುಂಟು,” ಎಂದಳು, ಬೀಸುವುದನ್ನು ನಿಲ್ಲಿಸದೆ. “ನೀವು ಜೋಳ ತಿರುಗಿಸಿ ಮಾರಾಯ್ರೆ, ಕರಟಿ ಹೋಗ್ತದೆ.”

ತಿರುಗಿಸಿದೆ. ನಾನು ಬರೆದ ಕಾಗದಗಳಲ್ಲಿ ಅಷ್ಟು ಒಳ್ಳೆಯ ಕೆಂಡ ಎಬ್ಬಿಸಿದ್ದು ಬೇರೆ ಇಲ್ಲ.