ಜವಳಕ್ಕೆ ಮುಂಚೆ ಒಂದು ಮೀಟಿಂಗ್

ನಮ್ಮ ಕಡೆ ಮಗುವಿನ ಕೂದಲು ಮೊದಲ ಸಲ ತೆಗೆಸುವಾಗ ಅದು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಮಾವ ತಲೆ ಹಿಡಿಯುತ್ತಾನೆ, ಕ್ಷೌರಿಕ ಕತ್ತಿ ಆಡಿಸುತ್ತಾನೆ. ಅಕ್ಕನ ಮಗನ ಜವಳ ಸನ್ನತಿಯ ದೇವಿ ಗುಡಿಯಲ್ಲಿ ಎಂದು ಗೊತ್ತಾದ ದಿನವೇ ನಾನು ಹೊಸ ಅಂಗಿ ಹೊಲಿಯಲು ಹಾಕಿದೆ. ಅಕ್ಕ ಚಿಂಚೋಳಿಯಿಂದ ಬಂದವಳು ನೋಡಿದ್ದು ಅಂಗಿಯನ್ನಲ್ಲ, ನನ್ನ ಕೈಯನ್ನು. ಅವಳು ಕೊಟ್ಟ ಚಹಾ ತುಳುಕಿ ಅರ್ಧ ಬಸಿಗೆ ಇಳಿದಿತ್ತು.

"ತಮ್ಮಾ, ಕತ್ತಿ ಮುಂದ ಈ ಕೈಯಾಗ ಕೂಸಿನ ತಲಿ ಕೊಡಂಗಿಲ್ಲ ನಾ. ಕುಡಿಯೂದು ಬಿಟ್ಟಿ, ನಿನ್ನ ತೊಡಿ. ಬಿಡ್ಲಿಲ್ಲ, ಕಾಕಾನ ಮಗನ ತೊಡಿ."

"ಅವನ ತೊಡಿ ಬರೇ ಎಲುಬು ಅಕ್ಕಾ, ಕೂಸಿಗಿ ಚುಚ್ತದ."

ಅವಳು ನಗಲಿಲ್ಲ.

ನನ್ನ ಮನೆ ಕುರಕುಂಟಾದಲ್ಲಿ, ಮೊಬೈಲ್ ರಿಪೇರಿ ಅಂಗಡಿ ಹತ್ತಿರದ ಸೇಡಂನಲ್ಲಿ. ಆ ಕೈಯಿಂದ ನಾನು ಬಿಚ್ಚಿದ ಫೋನುಗಳು ಬಹಳ, ಮತ್ತೆ ಜೋಡಿಸಿದವು ಕಡಿಮೆ. ಅಕ್ಕನ ಮಾತಿಗೆ ಡಾಕ್ಟರ್ ಹತ್ತಿರ ಹೋದೆ. ಅವರು ಗುಳಿಗೆ ಬರೆದುಕೊಟ್ಟು, "ಇದೊಂದೇ ಸಾಲಂಗಿಲ್ಲ, ಕುಡಿಯೂದು ಬಿಟ್ಟವರ ಮೀಟಿಂಗ್‌ಗಿ ಹೋಗು" ಎಂದರು. ಅದು ಸೇಡಂನಲ್ಲೂ ಇತ್ತು, ನನ್ನ ಅಂಗಡಿಯ ಎದುರಿಗೇ. ನಾನು ಕುಡಿಯುವುದು ಊರಿಗೆಲ್ಲ ಗೊತ್ತಿತ್ತು. ಆದರೆ ಬಿಡಲು ಹೊರಟಿದ್ದೇನೆಂದು ಗೊತ್ತಾದರೆ ಮರ್ಯಾದೆ ಹೋಗುತ್ತದೆಂದು ಚಿತ್ತಾಪುರಕ್ಕೆ ಹೋದೆ.

ಗುರುತು ಸಿಗಬಾರದೆಂದು ಹೆಲ್ಮೆಟ್ ಹಾಕಿಕೊಂಡಿದ್ದೆ. ಆ ಬಿಸಿಲಲ್ಲಿ ಇಡೀ ಚಿತ್ತಾಪುರದಲ್ಲಿ ಹೆಲ್ಮೆಟ್ ಹಾಕಿದವನು ನಾನೊಬ್ಬನೇ, ಆದ್ದರಿಂದ ದಾರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೇಳಿದ ಕಟ್ಟಡಕ್ಕೆ ಹೋಗಿ, ಬಾಗಿಲು ತಳ್ಳಿ, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಒಳಗಿದ್ದವರು ಹೆಂಗಸರು, ಸ್ವಸಹಾಯ ಗುಂಪಿನವರು.

"ಮೊದಲ ತಲಿಮ್ಯಾಗಿಂದು ತಗೀಪಾ, ಏನಂದಿ ಕೇಳ್ಸಲೇ ಇಲ್ಲ" ಎಂದಳು ಒಬ್ಬ ಮುದುಕಿ.

ತೆಗೆದೆ. ಓಡಿಹೋಗುವುದು ಬಿಟ್ಟು, ಕೇಳಿದ್ದಾರಲ್ಲ ಎಂದು ಇನ್ನೂ ಜೋರಾಗಿ ಹೇಳಿದೆ: "ನಾ ಕುಡುಕ ಇದ್ದೀನ್ರಿ. ಬಿಡಬೇಕಂತ ಬಂದೀನಿ."

"ಹಂಗಾದ್ರ ಬಾಜೂ ಖೋಲಿಗಿ ಹೋಗು. ನಿಲ್ಲು, ನಮ್ಮ ಮನ್ಯಾಗೂ ಒಬ್ಬಾಂವ ಅದಾನ, ಅವನಿಗೂ ಕರ್ಕೊಂಡು ಹೋಗ್ತೀ ಏನು?"

ಹಿಂದಿನಿಂದ ಇನ್ನೊಬ್ಬಳು, "ಏ, ಇಂವ ಕುರಕುಂಟಾದ ನಮ್ಮ ಅಕ್ಕನ ಮನಿ ಬಾಜೂದಾಂವ ಅಲ್ಲೇನು!" ಎಂದಳು. ನಾನು ಬೈಕ್ ಹತ್ತಿ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಬಂದು ಅವ್ವನ ಹತ್ತಿರ ಕುಳಿತಿತ್ತು.

ಚಿತ್ತಾಪುರ ಮುಗಿಯಿತು. ಆಮೇಲೆ ಪ್ರತಿ ಭಾನುವಾರ ರೈಲಿನಲ್ಲಿ ವಾಡಿಯ ಮೀಟಿಂಗಿಗೆ. ಅಲ್ಲಿ ಹೆಲ್ಮೆಟ್ ಕಥೆ ಹೇಳಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ವಾರ ಕಥೆಯೊಳಗಿನ ಹೆಂಗಸರು ದುಪ್ಪಟ್ಟಾದರು, ಮುದುಕಿಯ ಕೈಗೆ ಚಪ್ಪಲಿ ಬಂತು. ಅದರ ಮುಂದಿನ ವಾರ ಯಾರೋ ನನ್ನ ಮಾತು ಕೇಳಿಸಲೆಂದೇ ತಮ್ಮ ಭಾವನನ್ನು ಕರೆತಂದರು. ಇಂಥ ಮೀಟಿಂಗ್ ಬೇರೆಲ್ಲೂ ಇಲ್ಲ ಅನ್ನಿಸಿತು. ಅಷ್ಟು ಚೆನ್ನಾಗಿ ಮಾತಾಡಿದ ಮನುಷ್ಯನಿಗೆ ಒಂದು ಸನ್ಮಾನವಾದರೂ ಆಗಬೇಡವೇ? ಸ್ಟೇಷನ್ ಹತ್ತಿರದ ಬ್ರಾಂಡಿ ಅಂಗಡಿಯಲ್ಲಿ ನಾನೇ ಮಾಡಿಕೊಂಡೆ. ಮಾಡಿಕೊಂಡು ಸೇಡಂ ಗಾಡಿ ಬಿಟ್ಟು ಕಲಬುರಗಿ ಕಡೆಯ ಗಾಡಿ ಹತ್ತಿದೆ.

ಶಹಾಬಾದ್ ಸ್ಟೇಷನ್ನಿನ ಬೆಂಚಿನ ಮೇಲೆ ನನ್ನನ್ನು ಎಬ್ಬಿಸಿದವರು ಒಬ್ಬ ರಿಟೈರ್ಡ್ ರೈಲ್ವೆ ಗಾರ್ಡ್. ಅದೇ ಗಾಡಿಯಿಂದ ಇಳಿದಿದ್ದರು. ವಾಡಿ ಮೀಟಿಂಗಿನಲ್ಲಿ ಮೂಲೆಯಲ್ಲಿ ಕುಳಿತು, ಒಂದು ಸಲವೂ ನಗದೆ ನನ್ನ ಮೂಡು ಕೆಡಿಸಿದ್ದವರು.

"ತಮ್ಮಾ, ನಿನಗ ವಾಡಿ ಬ್ಯಾಡ. ಗುರುವಾರ ಸಂಜಿಮುಂದ ಇಲ್ಲಿ ನಮ್ಮ ಮೀಟಿಂಗ್‌ಗಿ ಬಾ."

ಹೋದೆ. ಆರೇಳು ಜನ, ಎಲ್ಲ ನನಗಿಂತ ದೊಡ್ಡವರು. ಹೆಲ್ಮೆಟ್ ಕಥೆ ಶುರು ಮಾಡಿದೆ. ಮುದುಕಿಯ ಮಾತು ಬಂದರೂ ಯಾರೂ ನಗಲಿಲ್ಲ. ಧ್ವನಿ ಬದಲಿಸಿ ಇನ್ನೊಮ್ಮೆ ಹೇಳಿದೆ.

"ಅದು ಅಲ್ಲೇ ಕೇಳೀನಿ," ಎಂದರು ಗಾರ್ಡ್. "ನೀ ಬಿಡಬೇಕಂತ ಮಾಡೀದಿ ಯಾಕ? ಅದು ಹೇಳು."

ಬಾಯಿಗೆ ಬಂದ ತಮಾಷೆ ಒಂದೆರಡು ಇದ್ದವು. ಹೇಳಿದರೆ ಯಾರೂ ನಗುವುದಿಲ್ಲವೆಂದು ಖಾತ್ರಿಯಾಗಿತ್ತು. ಬೇರೆ ದಾರಿಯಿಲ್ಲದೆ ನಿಜ ಹೇಳಿದೆ. "ನಮ್ಮ ಅಕ್ಕ ತನ್ನ ಮಗನ್ನ ನನ್ನ ತೊಡಿಮ್ಯಾಗ ಕುಂಡ್ರಸಾಕ ಅಂಜ್ತಾಳ್ರಿ. ನಾನೂ ಅಂಜ್ತೀನಿ." ಯಾರೂ ಸಮಾಧಾನ ಮಾಡಲಿಲ್ಲ. ಗಾರ್ಡ್, "ಹೂಂ, ಕುಂದ್ರು" ಎಂದು ಪಕ್ಕದವರ ಕಡೆ ತಿರುಗಿದರು. ಅವತ್ತು ಸೇಡಂಗೆ ಹೋಗುವ ಗಾಡಿಯನ್ನೇ ಹತ್ತಿದೆ.

ದಾರಿಯಲ್ಲಿ ಅಕ್ಕನಿಗೆ ಫೋನ್ ಮಾಡಿದೆ.

"ಹೆಂಗಿತ್ತು?"

"ಭಾಳ ಬ್ಯಾಸರ ಅಕ್ಕಾ. ಒಬ್ಬರೂ ನಗಂಗಿಲ್ಲ."

"ಅಲ್ಲಿಗೇ ಹೋಗು," ಎಂದಳು. ಹಿಂದೆಯೇ, "ಈ ವರ್ಷ ಜವಳಾ ಬ್ಯಾಡ, ಕೂಸಿಗಿ ಮೂರನೇ ವರ್ಷದಾಗ ಮಾಡೂಣು ಅಂತ ನಮ್ಮ ಅತ್ತಿ ಮುಂದ ಹೇಳೀನಿ. ಮಾರಿ ಉಬ್ಬಿಸ್ಕೊಂಡು ಕುಂತಾಳ. ಆಕೀಗಿ ನಾ ನೋಡ್ಕೋತೀನಿ. ನಿಂದು ನೀ ನೋಡ್ಕೋ."

ಅಳಿಯನ ಕೂದಲು ಈಗ ಭುಜ ಮುಟ್ಟಿದೆ. ಕಣ್ಣಿಗೆ ಬೀಳುತ್ತದೆಂದು ಅಕ್ಕ ಎರಡು ಜಡೆ ಹಾಕುತ್ತಾಳೆ. ಬಸ್ಸಿನಲ್ಲಿ ಜನ ಹುಡುಗಿ ಎಂದುಕೊಂಡು ಗಲ್ಲ ಹಿಂಡುತ್ತಾರೆ, ಅವನು ಸಿಟ್ಟಿನಿಂದ ಜಡೆ ಕಿತ್ತುಕೊಳ್ಳಲು ನೋಡುತ್ತಾನೆ. ಗುರುವಾರ ಮಧ್ಯಾಹ್ನ ನಾನು ಅಂಗಡಿ ಮುಚ್ಚುತ್ತೇನೆ. ಎಲ್ಲಿಗೆ ಎಂದು ಕೇಳಿದವರಿಗೆ ಶಹಾಬಾದ್ ಎನ್ನುತ್ತೇನೆ, ಯಾಕೆ ಎಂದರೆ ಅದನ್ನೂ ಹೇಳುತ್ತೇನೆ.