ಗುಂಪಿನ ಹೆಬ್ಬೆಟ್ಟು

ಎಪ್ಪತ್ತರ ದಶಕದ ಕೊನೆ. ಚನ್ನಗಿರಿಯ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಾ ಲಾ ಓದುತ್ತಿದ್ದೆ. ಅಂತರರಾಷ್ಟ್ರೀಯ ಕಾನೂನಿನ ಒಂದು ಪ್ರಶ್ನೆ ನನ್ನ ತಲೆ ತಿನ್ನುತ್ತಿತ್ತು: ದೇಶವಲ್ಲದ, ಆದರೆ ಬಂದೂಕು ಹಿಡಿದು ಹೋರಾಡುವ ಗುಂಪನ್ನು ಕಾನೂನು ಒಬ್ಬ 'ವ್ಯಕ್ತಿ' ಎಂದು ಒಪ್ಪುತ್ತದೆಯೇ? ಒಪ್ಪಿದರೆ ಅದು ಕೊಟ್ಟ ಮಾತಿಗೆ, ಹಾಕಿದ ಸಹಿಗೆ ಬೆಲೆ. ಯುದ್ಧದ ನಿಯಮ ಹೇಳುವ ಜಿನೀವಾ ಒಪ್ಪಂದಗಳು ಇಲ್ಲಿ ಜಾಣತನ ಮಾಡಿವೆ. ಗಾಯಾಳುಗಳನ್ನು ಕೊಲ್ಲಬಾರದೆಂಬ ನಿಯಮ ಗುಂಪಿಗೂ ಅನ್ವಯ. ಆದರೆ ಅದರಿಂದ ಗುಂಪಿಗೆ ಯಾವ ಸ್ಥಾನಮಾನವೂ ಸಿಕ್ಕಂತಲ್ಲ. ಆ ಸಾಲು ಓದಿ, ಎಷ್ಟು ಚೆನ್ನಾಗಿ ತಪ್ಪಿಸಿಕೊಂಡಿದ್ದಾರಪ್ಪ ಎಂದು ಹಿಗ್ಗಿದ್ದೆ. ಓದಿದ್ದನ್ನು ಯಾರ ಮುಂದಾದರೂ ಉದುರಿಸದಿದ್ದರೆ ನಿದ್ದೆ ಬಾರದ ವಯಸ್ಸು ಅದು.

ಅದೇ ವರ್ಷ ಸಾಸ್ವೆಹಳ್ಳಿ ಕಡೆಯ ಗದ್ದೆಯೊಂದರ ತಕರಾರು ನಮ್ಮ ಆಫೀಸಿಗೆ ಬಂತು. ನಮ್ಮ ಕಕ್ಷಿದಾರರು ಗದ್ದೆಯ ಒಡೆಯರು. ಉಳುವ ಗದ್ದೆ ತಮಗೇ ಸೇರಬೇಕೆಂದು ಗೇಣಿದಾರರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದರು. ತೀರ್ಪಿಗೆ ಮೊದಲೇ ಒಡೆಯರು ತಮ್ಮನ್ನು ಎಬ್ಬಿಸುತ್ತಾರೆಂಬ ಭಯಕ್ಕೆ ಹೆಂಗಸರು ಗಂಡಸರೆಲ್ಲ ಕುಡುಗೋಲು, ದೊಣ್ಣೆ ಹಿಡಿದು ಬದುವಿನ ಮೇಲೆ ಕೂತಿದ್ದರು. ಹೊಡೆದಾಟ ಆಗದಂತೆ ರಾಜಿಪತ್ರ ಮಾಡಿಸಿಕೊಂಡು ಬಾ ಎಂದು ಹಿರಿಯರು ನನ್ನನ್ನು ಕಳಿಸಿದರು.

ಪತ್ರದಲ್ಲಿ ಇದ್ದದ್ದು ಇಷ್ಟೇ: ತೀರ್ಪು ಬರುವವರೆಗೆ ಎರಡೂ ಕಡೆಯವರು ಗದ್ದೆಗೆ ಇಳಿಯಬಾರದು. ಒಡೆಯರು ಸಹಿ ಹಾಕಿದರು. ಗೇಣಿದಾರರು ಮಾತ್ರ ಹೆಸರು ಕೊಡಲು ಒಪ್ಪಲಿಲ್ಲ.

"ಹೆಸರು ಬರ್ಕಂಡ್ರೆ ನಾಳೆ ಪೊಲೀಸ್ರಿಗೆ ಮನಿಗೆ ಬರಾಕೆ ದಾರಿ ಆಕೈತೆ," ಎಂದಳು ಮುಂದೆ ನಿಂತಿದ್ದ ಹೆಂಗಸು. "ಗುಂಪು ಅಂತ ಬರೀರಿ. ಎಲ್ರದ್ದೂ ಸೇರಿಸಿ ಹೆಬ್ಬೆಟ್ಟು ನಾನು ಒತ್ತತೀನಿ."

'ಗೇಣಿದಾರರ ಗುಂಪು' ಎಂದು ಬರೆದೆ. ಅವಳು ಒತ್ತಿದಳು.

"ಇನ್ನು ಕುಡುಗೋಲು ಕೆಳಗಿಡ್ರಿ ಅಕ್ಕಾ, ಕಾಗದ ಐತಲ್ಲ," ಎಂದೆ. ಅವಳು ಮೊದಲು ಇಟ್ಟಳು, ಆಮೇಲೆ ಉಳಿದವರು.

ಹದಿನೈದು ದಿನ ಕಳೆಯುವುದರೊಳಗೆ ಒಡೆಯರು ಗದ್ದೆಗೆ ಟ್ರ್ಯಾಕ್ಟರ್ ಇಳಿಸಿದರು. ಗೇಣಿದಾರರು ಆ ಕಾಗದ ಹಿಡಿದು ಹೊನ್ನಾಳಿ ಕೋರ್ಟಿಗೆ ಓಡಿದರು. ತಡೆಯಾಜ್ಞೆ ಸಿಕ್ಕಿದ್ದರೆ ತೀರ್ಪು ಬರುವವರೆಗೆ ಟ್ರ್ಯಾಕ್ಟರ್ ನಿಲ್ಲಬೇಕಾಗುತ್ತಿತ್ತು. ಪತ್ರ ಬರೆದವರು ನಾವೇ, ಸಹಿ ನಮ್ಮ ಕಕ್ಷಿದಾರರದೇ. ಹಿರಿಯರು ತಲೆ ಮೇಲೆ ಕೈ ಹೊತ್ತು ಕೂತರು. ಯಾರೂ ಕೇಳದಿದ್ದರೂ ನಾನು ಬಾಯಿ ತೆರೆದೆ.

"ಸಾರ್, ಒಪ್ಪಂದ ಯಾರ ಜೊತೆಗೆ ಆಗೈತೆ? ಗುಂಪು ಅನ್ನೋದು ಕಾನೂನಿನ ಕಣ್ಣಿಗೆ ವ್ಯಕ್ತೀನೇ ಅಲ್ಲ. ದೊಡ್ಡ ದೊಡ್ಡ ದೇಶಗಳೇ ಬಂದೂಕಿನ ಗುಂಪಿಗೆ ಹಿಂಗೇ ಹೇಳ್ತಾವೆ."

"ಭಲೇ! ನೀನು ಓದಿದ್ದು ಸಾರ್ಥಕ ಆತು ನೋಡು," ಎಂದು ಹಿರಿಯರು ಬೆನ್ನು ತಟ್ಟಿದರು.

ಕೋರ್ಟಿನಲ್ಲಿ ಅವರು ಅದನ್ನೇ ವಾದಿಸಿದರು, ಗೆದ್ದರು. ಅವತ್ತು ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು. ನಾಚಿಕೆಯಿಲ್ಲದೆ ಎರಡು ಪ್ಲೇಟ್ ತಿಂದೆ.

ಮರುವಾರ ಜನ ಮತ್ತೆ ಟ್ರ್ಯಾಕ್ಟರಿಗೆ ಅಡ್ಡ ನಿಂತರು. ಯಾರೋ ಬೀಸಿದ ಕಲ್ಲಿಗೆ ಡ್ರೈವರ್ ತಲೆ ಒಡೆಯಿತು. ಅಲ್ಲಿದ್ದ ಗಂಡಸರನ್ನೆಲ್ಲ, ಆ ಹೆಂಗಸಿನ ಗಂಡನನ್ನೂ ಸೇರಿಸಿ, ಪೊಲೀಸರು ಹಿಡಿದೊಯ್ದರು. ಅಕ್ರಮ ಕೂಟ ಎಂದು ಕೇಸು. ಒಬ್ಬ ಎಸೆದ ಕಲ್ಲಿಗೆ ಇಡೀ ಗುಂಪೇ ಹೊಣೆ. ಹೆಬ್ಬೆಟ್ಟು ಒತ್ತಿದಾಗ ಇಲ್ಲದ ಗುಂಪು ಜೈಲಿಗೆ ಹಾಕುವಾಗ ಇತ್ತು. ನನ್ನ ಪುಸ್ತಕದ ಜಾಣತನವೂ ಇದೇ ಎಂದು ಆಗ ಹೊಳೆಯಿತು: ಹೊಣೆ ಹೊರಲು ಗುಂಪು ಬೇಕು, ಹಕ್ಕು ಕೇಳಲು ಬೇಡ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕೋರ್ಟಿನ ಹೊರಗೆ ಅವಳು ಎದುರಾದಳು. ಬೈಯುತ್ತಾಳೆಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ನಮ್ಮ ಗುಂಪು ಅನ್ನೋದೇ ಇಲ್ಲ ಅಂದ್ರಂತೆ, ಇರ್ಲಿ ಸ್ವಾಮಿ. ಮತ್ತೆ ಅವತ್ತು ಕುಡುಗೋಲು ಕೆಳಗಿಡ್ರಿ ಅಂತ ಯಾರಿಗೆ ಹೇಳಿದ್ರಿ?"

'ನಿಮ್ಮ ಗುಂಪಿಗೇ' ಎನ್ನಬೇಕಿತ್ತು. ಅವಳೆದುರು ಹಾಗೆಂದರೆ, ಒಪ್ಪಂದ ಆದದ್ದು ಗುಂಪಿನ ಜೊತೆಗೇ ಎಂದು ಜಡ್ಜ್ ಎದುರೂ ಒಪ್ಪಬೇಕಾಗುತ್ತಿತ್ತು. ಚನ್ನಗಿರಿ ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಅವಳನ್ನು ಅಲ್ಲೇ ಬಿಟ್ಟು ನಡೆದೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.