ಇಡೀ ಠಾಣೆಗೆ ಎಡಮಂಡಿ ನೋವು

ಹೋದ ಭಾನುವಾರ ಪೊಲೀಸರು ನನ್ನ ಕಾಲರ್ ಹಿಡಿದು ಎಳೆದರು. (ಖುಷಿಪಡಬೇಡಿ, ಅಂಕಣ ಬರೆದಿದ್ದಕ್ಕಲ್ಲ.)

ಎಳೆದವರು ನನ್ನ ಸ್ವಂತ ಭಾವ. ಅಕ್ಕನ ಗಂಡ, ಹೆಡ್ ಕಾನ್‌ಸ್ಟೆಬಲ್. ಜಾಗ, ಮಧುಗಿರಿಯ ಅವರ ಮನೆಯ ಅಂಗಳ. ನನ್ನ ಅಪರಾಧ ಇಷ್ಟೇ: ಮೋಟಾರ್ ಆನ್ ಮಾಡಿ, ಮರೆತು, ಕಾಫಿ ಕುಡಿಯುತ್ತ ನಿಂತಿದ್ದೆ. ಮೇಲಿನ ಟ್ಯಾಂಕ್ ತುಂಬಿ ನೀರು ದಬದಬನೆ ಅಂಗಳಕ್ಕೆ ಸುರಿಯಿತು. ಒಳಗಿಂದ ಓಡಿ ಬಂದ ಭಾವ ಕಾಲರ್‌ಗೆ ಕೈ ಹಾಕಿ ನನ್ನನ್ನು ಮೆಟ್ಟಿಲ ಮೇಲಕ್ಕೆ ಎಳೆದೊಯ್ದರು. ಲೋಟ ಎಲ್ಲೋ, ನಾನೆಲ್ಲೋ.

"ಬುಡಲ್ಲ ಕಣ್ಲಾ, ಬುಡಲ್ಲ!" ಅನ್ನುತ್ತಿದ್ದರು. ಆರಡಿ ಆಳು ಗಡಗಡ ನಡುಗುತ್ತಿತ್ತು. ನೀರು ನನ್ನ ಹಿಮ್ಮಡಿ ಮುಳುಗುವಷ್ಟೂ ಇರಲಿಲ್ಲ.

ಅಕ್ಕ ಬಂದು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಆ ಮಳೆ ಆದಾಗ್ನಿಂದ ಇಂಗೇ ಕಣಪ್ಪ. ಬಕೀಟು ತುಂಬಿದ್ರೂ ಬೆಚ್ಚಿಬೀಳ್ತಾರೆ."

ಆ ಮಳೆ ನಿಮಗೂ ನೆನಪಿದೆಯಲ್ಲ? ಕೆರೆ ಕೋಡಿ ಬಿತ್ತೆಂದು ಮಿಡಿಗೇಶಿಯಿಂದ ಪಾವಗಡದವರೆಗೆ ನಾವೆಲ್ಲ ಕುಣಿದೆವು. ಬಾಗಿನ ಬಿಟ್ಟೆವು, ಸೆಲ್ಫಿ ತೆಗೆದೆವು (ನಾನೂ ತೆಗೆದೆ, ಎರಡು). ಅದೇ ಹೊತ್ತಿಗೆ ಕೊಡಿಗೇನಹಳ್ಳಿ ಕಡೆ, ಮುಳುಗಿದ ಸೇತುವೆಯ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಭಾವ ಎದೆಮಟ್ಟದ ನೀರಿನಲ್ಲಿದ್ದರು. ಕೊಚ್ಚಿಕೊಂಡು ಬಂದ ಒಬ್ಬನ ಕಾಲರ್ ಕೈಗೆ ಸಿಕ್ಕಿತು. ಹಿಡಿದರು. ಬಟ್ಟೆ ಹರಿಯಿತು. ಕಾಲರ್ ಕೈಯಲ್ಲೇ ಉಳಿಯಿತು, ಮನುಷ್ಯ ಹೋದ.

ನೀರಿಗಾಗಿ ಬಾಯಿ ಬಿಡುವ ನಮ್ಮ ಸೀಮೆಯಲ್ಲಿ, ನೀರು ಕಂಡರೆ ಹೆದರಿಕೆ ಅಂತ ಯಾರ ಮುಂದೆ ಹೇಳುವುದು? ಅದೂ ಮೀಸೆ ಬಿಟ್ಟ ಪೊಲೀಸಿನವರು?

ಮೇಲಿನವರು ಕೇಳಲಿಲ್ಲವೇ? ಕೇಳಿದರು! ಹತ್ತು ಪ್ರಶ್ನೆಯ ಫಾರಂ ಕಳಿಸಿದರು. ನಿದ್ದೆ ಬರುತ್ತದೆಯೇ, ಕೆಟ್ಟ ಕನಸು ಬೀಳುತ್ತದೆಯೇ, ಇತ್ಯಾದಿ. ಠಾಣೆಯಲ್ಲಿ ಬರೆಯುವ ಕೆಲಸವೆಲ್ಲ ಒಬ್ಬರದೇ, ಅವರನ್ನು ರೈಟರ್ ಅನ್ನುತ್ತಾರೆ. (ನನಗಿಂತ ಹೆಚ್ಚು ಬರೆಯುತ್ತಾರೆ. ಓದುವವರೂ ಹೆಚ್ಚು.) ಮಹಜರು ಬರೆದು ಬರೆದು ಅವರಿಗೆ ಅಭ್ಯಾಸ, ಸಾಕ್ಷಿಗಳೆಲ್ಲ ಒಂದೇ ಮಾತು ಹೇಳಬೇಕಲ್ಲ? ಮೊದಲು ತಮ್ಮ ಫಾರಂ ತುಂಬಿದರು. ಅದನ್ನು ನೋಡಿಕೊಂಡು ಉಳಿದವರದ್ದನ್ನೂ ತುಂಬಿದರು. ಎಲ್ಲರೂ ಕಣ್ಣುಮುಚ್ಚಿ ಸಹಿ ಹಾಕಿದರು. ನಿದ್ದೆ: ಚೆನ್ನಾಗಿದೆ. ಭಯ: ಇಲ್ಲ. ಇತರೆ ತೊಂದರೆ: ಎಡಮಂಡಿ ನೋವು.

ಇಡೀ ಠಾಣೆಗೆ ಎಡಮಂಡಿ ನೋವು! ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿಗೂ! ಮೇಲಿನವರು ಗಾಬರಿಯಾಗಿ ತಲೆಗೊಂದು ಬಾಟಲಿ ಮಂಡಿ ಎಣ್ಣೆ ಕಳಿಸಿದರು. ಭಾವನ ಬಾಟಲಿ ಟಿವಿ ಪಕ್ಕದಲ್ಲಿದೆ. ಸೀಲ್ ಒಡೆದಿಲ್ಲ.

"ಡಾಕ್ಟ್ರ ಹತ್ರ ಹೋಗಿ ಇದ್ದದ್ದು ಇದ್ದಂಗೆ ಹೇಳಿ ಭಾವ" ಅಂದೆ.

"ಹುಚ್ಚು ಹಿಡೀತು ಅಂತ ಸ್ಟೇಷನ್ನೆಲ್ಲ ನಗ್ತದೆ ಕಣ್ಲಾ. ಬುಡು ಅತ್ಲಾಗೆ."

ಅಕ್ಕ ಬಿಡಲಿಲ್ಲ. "ನಗೋರು ನಗ್ಲಿ. ಇವತ್ತು ಇವನ ಕಾಲರ್ರು. ನಾಳೆ ಮಗೀನ ಕತ್ತು ಇಂಗೇ ಹಿಡ್ಕಂಡ್ರೆ ನಾನೇನ್ ಮಾಡ್ಲಿ?"

ಭಾವ ಮರುದಿನ ರಜೆ ಅರ್ಜಿ ಬರೆದರು. ಕಾರಣ? ಎಡಮಂಡಿ ನೋವು. ಐದೇ ನಿಮಿಷದಲ್ಲಿ ಮಂಜೂರು! ಮನಸ್ಸು ಸರಿಯಿಲ್ಲ ಅಂತ ಬರೆದಿದ್ದರೆ ಇನ್ನೂ ಅಲ್ಲೇ ನಿಂತಿರುತ್ತಿದ್ದರು.

ಆಸ್ಪತ್ರೆಗೆ ನಾನೂ ಹೋದೆ (ಕಾಲರ್ ಇಲ್ಲದ ಟೀ ಶರ್ಟ್ ಹಾಕಿಕೊಂಡು). ಮನಸ್ಸಿನ ಡಾಕ್ಟರು ಹೆಂಗಸು, ವಯಸ್ಸಾದವರು. "ಏನು ತೊಂದರೆ?" ಅಂದರು.

"ಎಡಮಂಡಿ..." ಅಂದ ಭಾವ ಅಲ್ಲಿಗೇ ನಿಂತರು. ನನ್ನ ಮುಖ ನೋಡಿದರು. ಆಮೇಲೆ ಬಲಗೈಯನ್ನು ಮೇಜಿನ ಮೇಲಿಟ್ಟರು.

"ಈ ಕೈ ಮೇಡಂ. ಆ ಕಾಲರ್ನ ಇನ್ನೂ ಹಿಡ್ಕಂಡೇ ಐತೆ."

ಮೇಲಿನವರೇ, ಇದಕ್ಕೆ ನಿಮ್ಮ ಎಣ್ಣೆ ದಿನಕ್ಕೆ ಎಷ್ಟು ಸಲ ಹಚ್ಚಬೇಕು?